ದೊಡ್ಡಪ್ಪನ ಐಎನ್‌ಆರ್ ಖಾತೆ

ತುಮಕೂರಿನ ನಮ್ಮ ದೊಡ್ಡಪ್ಪನ ಪಕ್ಕ ಮಲಗುವುದಕ್ಕೆ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳ ನಡುವೆ ಜಗಳವಾಗುತ್ತದೆ. ಕರೆಂಟು ಹೋಗಿ ಫ್ಯಾನು ನಿಂತರೆ ಅವರ ಎದೆಯಿಂದ ಟಿಕ್ ಟಿಕ್ ಕೇಳುತ್ತದಲ್ಲ, ಅದಕ್ಕೆ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ಐವತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ ಕೃತಕ ಕವಾಟ ಹಾಕಿಸಿಕೊಂಡು ಬಂದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಹಾಗಾಗಿ ರಕ್ತ ತೆಳುವಾಗಿಸುವ ಮಾತ್ರೆ ಬದುಕಿರುವತನಕ.

ದೊಡ್ಡಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಅವರಿಗೆ ಒಂದು ದಿನ 2 ಮಿಲಿಗ್ರಾಂ, ಮರುದಿನ 3. ರಕ್ತದ ಐಎನ್‌ಆರ್ ಎಂಬ ಹೆಪ್ಪುಗಟ್ಟುವ ಹೊತ್ತಿನ ಅಳತೆ 2.5ರಿಂದ 3.5ರ ಒಳಗಿರಬೇಕು. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಹಳೆಯ ಡೈರಿಯಲ್ಲಿ ಗೆರೆ ಹೊಡೆದು ತಾರೀಕು, ಮಾತ್ರೆ, ಐಎನ್‌ಆರ್, ಷರಾ ಎಂದು ಅಂಕಣ ಮಾಡಿಕೊಂಡಿದ್ದಾರೆ. ಷರಾದಲ್ಲಿ ‘ಬೀಗರ ಮನೆ ಊಟ’, ‘ನುಗ್ಗೆಸೊಪ್ಪಿನ ಬಸ್ಸಾರು, ಎರಡು ಸಲ ಬಡಿಸಿಕೊಂಡೆ’ ಎಂಬ ತಪ್ಪೊಪ್ಪಿಗೆಗಳಿವೆ. ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಪಿತ್ತಜನಕಾಂಗ ತಯಾರಿಸುವುದಕ್ಕೆ ಅದು ಬೇಕು, ಆ ಕೆಲಸಕ್ಕೇ ಮಾತ್ರೆ ಅಡ್ಡಗಾಲು ಹಾಕುವುದು. ಸೊಪ್ಪು ಬಿಡಬೇಡಿ, ಅಳತೆ ತಪ್ಪಬೇಡಿ ಎಂದಿದ್ದಾರೆ ಡಾಕ್ಟರು. ಬಿಡು ಎಂದಿದ್ದರೆ ಬಿಟ್ಟುಬಿಡಬಹುದಿತ್ತು. ಬಸ್ಸಾರು ಮುದ್ದೆಯ ಮುಂದೆ ಕೂತು ಅಳತೆ ತಪ್ಪದಿರುವುದು ಯೋಗಿಗಳ ಕೆಲಸ. ಎದುರುಮನೆಯ ಮೇಷ್ಟ್ರಿಗೆ ಹೃದಯ ಬಡಿತ ಏರುಪೇರಾಗುವ ತೊಂದರೆ. ಅವರಿಗೆ ಹೊಸ ಕಾಲದ ಮಾತ್ರೆ, ಸೊಪ್ಪಿನ ಲೆಕ್ಕವೇ ಇಲ್ಲ. ಕೃತಕ ಕವಾಟದವರಿಗೆ ಆ ಮಾತ್ರೆ ಕೊಡುವುದಿಲ್ಲ. ಮೇಷ್ಟ್ರ ಹಿತ್ತಿಲ ಹರಿವೆಯನ್ನು ದೊಡ್ಡಪ್ಪ ನೋಡುವ ನೋಟ ನೋಡಲಾಗದು.

ಈ ಜಾತಿಯ ಮಾತ್ರೆಯ ಪೂರ್ವೋತ್ತರ ಅವರಿಗೆ ಬಾಯಿಪಾಠ. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮದಲ್ಲಿ ಗಾಡಿ ಓಡಿಸಿಕೊಂಡು, ಸತ್ತ ಹಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಬೂಷ್ಟು ಹಿಡಿದ ಮೇವು ತಂದು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಇಳಿಸಿದ. ಆ ಮೇವಿನ ಜಾಡು ಹಿಡಿದು ಹೋದ ಸಂಶೋಧನೆಯಿಂದ ಹುಟ್ಟಿದ್ದು ವಾರ್ಫರಿನ್. 1948ರಲ್ಲಿ ಅದು ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರಿಗೆ ಔಷಧಿಯಾದದ್ದು ಆಮೇಲೆ. ದೊಡ್ಡಪ್ಪನ ಮಾತ್ರೆ ಅದರ ದಾಯಾದಿ. ಊಟಕ್ಕೆ ಕೂತ ನೆಂಟರಿಗೆ ಈ ಕಥೆ ಹೇಳಿ, ‘ಇಲಿಗೆ ಹಾಕೋದನ್ನ ನನಗೆ ಹಾಕ್ತಾಳೆ ನಿಮ್ಮಕ್ಕ’ ಎಂದು ದೊಡ್ಡಮ್ಮನ ಕಡೆ ನೋಡುವುದು ಅವರ ಹಳೆಯ ಚಾಳಿ.

ಮಗಳು ನ್ಯೂಜೆರ್ಸಿಯಲ್ಲಿ. ದೂರದಲ್ಲಿರುವ ಮಕ್ಕಳ ಪ್ರೀತಿಗೆ ಈಗ ಡಬ್ಬಿಯ ರೂಪ ಬಂದಿದೆ. ಅಪ್ಪನಿಗೆ ರಾತ್ರಿ ಕಾಲು ಹಿಡಿಯುತ್ತದೆ ಎಂದರೆ ಮೆಗ್ನೀಸಿಯಂ. ಸುಸ್ತು ಎಂದರೆ ಕಬ್ಬಿಣ. ನೆಗಡಿ ಎಂದರೆ ಸತುವು. ಬಂದವರ ಸೂಟ್‌ಕೇಸಿನಲ್ಲೆಲ್ಲ ಒಂದೊಂದು ಡಬ್ಬಿ. ದೊಡ್ಡಪ್ಪ ಫೋನಿನಲ್ಲಿ ‘ತಗೋತಾ ಇದೀನಿ ಪುಟ್ಟಿ’ ಎಂದು ಸುಳ್ಳು ಹೇಳಿ ಡಬ್ಬಿಯನ್ನು ಷೋಕೇಸಿನಲ್ಲಿ, ಅವಳ ಪದವಿ ಫೋಟೊದ ಪಕ್ಕ ಇಡುತ್ತಾರೆ. ನುಂಗುವುದಕ್ಕೂ ಭಯ, ಎಸೆಯುವುದಕ್ಕೂ ಮನಸ್ಸಿಲ್ಲ. ಅವಧಿ ಮುಗಿದ ಡಬ್ಬಿಗಳನ್ನೂ ದೊಡ್ಡಮ್ಮ ಶುಕ್ರವಾರ ಶುಕ್ರವಾರ ಒರೆಸಿಡುತ್ತಾರೆ.

ಎಡವಟ್ಟಾದದ್ದು ಡಬ್ಬಿಯಿಂದಲ್ಲ, ನಮ್ಮೂರಿನ ಅಂಗಡಿಯ ಸ್ಟ್ರಿಪ್ಪಿನಿಂದ. ಮೂಳೆಗೆ ಒಳ್ಳೆಯದೆಂದು ವಾಕಿಂಗ್ ಗೆಳೆಯರೊಬ್ಬರು ಕೊಡಿಸಿದ ಕ್ಯಾಲ್ಸಿಯಂ. ಅದನ್ನು ಔಷಧಿಯೆಂದು ಯಾರು ಲೆಕ್ಕ ಹಿಡಿಯುತ್ತಾರೆ? ಮುಂದಿನ ತಪಾಸಣೆಯಲ್ಲಿ 2.8 ಇದ್ದ ಐಎನ್‌ಆರ್ 1.6ಕ್ಕೆ ಬಿದ್ದಿತ್ತು. ಬ್ಯಾಂಕಿನಲ್ಲಿ ಕ್ಯಾಷ್ ತಾಳೆಯಾಗದೆ ರಾತ್ರಿಯವರೆಗೆ ಕೂತ ದಿನಗಳ ಮುಖ ಹೊತ್ತು ದೊಡ್ಡಪ್ಪ ಡೈರಿ ತಿರುವಿದರು. ಸೊಪ್ಪು ಹೆಚ್ಚಾಗಿಲ್ಲ, ಮಾತ್ರೆ ತಪ್ಪಿಲ್ಲ. ದೊಡ್ಡಮ್ಮ ಪಂಚಾಂಗ ನೋಡುವ ಭೂತಗನ್ನಡಿ ತಂದು ಸ್ಟ್ರಿಪ್ಪಿನ ಬೆನ್ನು ಓದಿದರು. ಕ್ಯಾಲ್ಸಿಯಂ, ಡಿ3, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ವಿಟಮಿನ್ ಕೆ2-7. ‘ರೀ, ಇಲ್ಲೇ ಕೂತಿದಾನಲ್ಲ ನಿಮ್ಮ ಕಳ್ಳ!’

ಡಾಕ್ಟರು ಗದರಲಿಲ್ಲ. ಕೆ ಇಲ್ಲದ ಕ್ಯಾಲ್ಸಿಯಂ ಬರೆದು, ಬೇಗ ಮತ್ತೊಮ್ಮೆ ರಕ್ತಪರೀಕ್ಷೆಗೆ ಹೇಳಿ, ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ತರಿಸಿದರು. ಷೋಕೇಸು ಖಾಲಿಯಾಗಿ ತರಕಾರಿ ಚೀಲ ತುಂಬಿತು. ಅಮೆರಿಕದ ಮಲ್ಟಿವಿಟಮಿನ್ನಿನಲ್ಲೂ ಕೆ ಇತ್ತು. ಮೆಗ್ನೀಸಿಯಂ, ಕಬ್ಬಿಣ, ಸತುವು ಹೊಟ್ಟೆಯಲ್ಲಿ ಮಾತ್ರೆಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡಬಹುದು. ನಾನು ಹೇಳಿದರೆ ಮಾತ್ರ ತೆಗೆದುಕೊಳ್ಳಿ, ಎರಡು ಗಂಟೆಯಾದರೂ ಅಂತರವಿರಲಿ ಎಂದರು. ಶುರು ಮಾಡಿದರೂ ತಿಳಿಸಿ, ನಿಲ್ಲಿಸಿದರೂ ತಿಳಿಸಿ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುತ್ತದೆ. ಒಳಗೆ ರಕ್ತ ಸೋರಿದರೂ ಕಪ್ಪಾಗುತ್ತದೆ. ಡಾಂಬರಿನ ಹಾಗೆ ಕಂಡರೆ ಕಬ್ಬಿಣದ್ದೇ ಇರಬೇಕೆಂದು ಸುಮ್ಮನಿರದೆ ತಕ್ಷಣ ಬನ್ನಿ. ಅಂದಿನಿಂದ ಡೈರಿಯಲ್ಲಿ ಐದನೆಯ ಅಂಕಣ ಬಂದಿದೆ. ಅದರ ವಿಷಯವನ್ನು ದೊಡ್ಡಪ್ಪ ತಿಂಡಿಯ ಹೊತ್ತಿನಲ್ಲೂ ಸಂಕೋಚವಿಲ್ಲದೆ ಪ್ರಕಟಿಸುತ್ತಾರೆ.

ಪುಟ್ಟಿಗೆ ಸತ್ಯ ಹೇಳಬೇಕಾಗಿ ಬಂತು. ಫೋನಿನಲ್ಲಿ ತುಸು ಹೊತ್ತು ಮಾತಿಲ್ಲ. ‘ಹಾಗಾದ್ರೆ ಇಷ್ಟು ವರ್ಷ ಒಂದೂ ತಗೊಂಡಿಲ್ವಾ ಅಪ್ಪಾ?’ ಆ ಕಡೆ ಅವಳು ಅತ್ತಳೋ ನಕ್ಕಳೋ, ದೊಡ್ಡಪ್ಪನಿಗೆ ಸ್ಪಷ್ಟವಾಗಲಿಲ್ಲ. ಈಗ ಏನನ್ನೇ ಕೊಳ್ಳುವ ಮೊದಲು ಅವಳು ಡಬ್ಬಿಯ ಬೆನ್ನಿನ ಫೋಟೊ ಕಳಿಸಬೇಕು. ದೊಡ್ಡಮ್ಮ ಅದನ್ನು ಡಾಕ್ಟರಿಗೆ ತೋರಿಸಬೇಕು. ಅಲ್ಲಿಂದ ಪಾಸಾಗಿ ಬಂದ ಡಬ್ಬಿ ಇನ್ನೂ ಇಲ್ಲ. ಹಾಗಂತ ಬರಿಗೈಯಲ್ಲಿ ಯಾರನ್ನಾದರೂ ಕಳಿಸುವ ಮಗಳೇ? ಈ ಏಪ್ರಿಲ್‌ನಲ್ಲಿ ಬಂದದ್ದು ದಪ್ಪ ಉಣ್ಣೆಯ ಕಾಲುಚೀಲ. ತುಮಕೂರಿನ ಬಿಸಿಲಿಗೆ ನಾಯಿಗಳೆಲ್ಲ ಚರಂಡಿಯಲ್ಲಿ ಮಲಗಿದ್ದವು. ದೊಡ್ಡಪ್ಪ ಜಗಲಿಯ ಮೇಲೆ ಕೂತು, ಪಂಚೆಯ ಕೆಳಗೆ ಎರಡೂ ಕಾಲಿಗೆ ಅದನ್ನು ಏರಿಸಿಕೊಂಡು, ಎದುರುಮನೆ ಮೇಷ್ಟ್ರಿಗೆ ತೋರಿಸಿದರು: ‘ನ್ಯೂಜೆರ್ಸಿ ಮಾಲು. ಡಾಕ್ಟರನ್ನೂ ಕೇಳಿದೆ. ಇದಕ್ಕೆ ಐಎನ್‌ಆರ್ ಏರೋದೂ ಇಲ್ವಂತೆ, ಇಳಿಯೋದೂ ಇಲ್ವಂತೆ.’