ಒಂದು ತೊಟ್ಟು ಎಣ್ಣೆ

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಕ್ರೀಡಾಕಾರನ್ನು ಅಕ್ಕರೆಯಿಂದ ಕಾಪಾಡುವವರು ಇಂದಿಗೂ ಇದ್ದಾರೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವೆಡೆಯಲ್ಲಿ ಎಣ್ಣೆ ತೊಟ್ಟಿಕ್ಕಿದರೆ ಅವರ ಎದೆ ಭಾರವಾಗುತ್ತದೆ. ಒಳಗೆ ಸವೆದಿರುವುದು ಅಲ್ಪಬೆಲೆಯ ರಬ್ಬರ್ ಬಳೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನು ಕಳಚಬೇಕು. ಗೇರ್‌ಬಾಕ್ಸೋ, ಕೆಳಗಿನಿಂದ ಒಂಟಿಯಾಗಿ ಬಾರದು. ಎಂಜಿನ್ನಿನೊಡನೆ ಅದನ್ನು ಸರಪಳಿಯಿಂದ ಮೇಲೆತ್ತಬೇಕು.

ಆದುದರಿಂದ ಬಲ್ಲ ಕುಶಲಿಯು ಮೊದಲೇ ಸ್ಪ್ಯಾನರು ಹಿಡಿಯನು. ತಳವನ್ನೆಲ್ಲ ಒರೆಸಿ, ಕಾರನ್ನು ಓಡಿಸಿ, ಮತ್ತೆ ನೋಡುವನು. ಪಕ್ಕದ ಟ್ಯಾಪೆಟ್ ಮುಚ್ಚಳದಿಂದ ಜಿನುಗಿದ ಎಣ್ಣೆಯೂ ಗಾಳಿಯ ರಭಸಕ್ಕೆ ಹಿಂದೆ ಸರಿದು ಅಲ್ಲಿಯೇ ತೊಟ್ಟಿಕ್ಕುವುದುಂಟು! 1964ಕ್ಕೆ ಮುಂಚಿನ ಎಂಜಿನ್ನಿನಲ್ಲಂತೂ ಆ ಬಳೆಯೇ ಇಲ್ಲ. ಎಣ್ಣೆಯನ್ನು ಒಳಕ್ಕೆ ಮರಳಿಸುವ ಸುರುಳಿಗೆರೆ ಮಾತ್ರ ಇದೆ. ಅದು ತುಸು ಸೋರುವುದು ಸಹಜ.

ಎಣ್ಣೆಯಿಂದ ಕ್ಲಚ್ಚಿನ ಫಲಕ ತೊಯ್ದು, ಏರಿನಲ್ಲಿ ಎಂಜಿನ್ನು ಮೊರೆದರೂ ಕಾರು ಸಾಗದಾದರೆ ಎಂಜಿನ್ನನ್ನು ಎತ್ತದೆ ಗತಿಯಿಲ್ಲ. ಆಗ ಬಳೆಯೊಂದಿಗೆ ಕ್ಲಚ್ಚನ್ನೂ ಬದಲಿಸುವನು. ಎರಡನೆಯ ಬಾರಿ ಎತ್ತಲು ಯಾರಿಗೆ ಮನಸ್ಸು?