ನಂದಿಯ ಪಡುವಣ ಗೋಡೆ

ಚಿಂತಾಮಣಿ ಬಿಟ್ಟ ಬಸ್ಸು ಶಿಡ್ಲಘಟ್ಟ ಸೇರುವಾಗ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಜೋರಾಗಿತ್ತು. ನಾನು ಇಳಿಯಲಿಲ್ಲ. 1791ರಲ್ಲಿ, ಟಿಪ್ಪು ಸುಲ್ತಾನನ ಮೇಲಿನ ಯುದ್ಧದಲ್ಲಿ, ಬ್ರಿಟಿಷರ ಮೇಜರ್ ಗೌಡಿಯ ಪಡೆ ಚಿಂತಾಮಣಿ ಸೀಮೆಯ ರೆಹಮಾನ್‌ಗಡವನ್ನು ವಶಮಾಡಿಕೊಂಡು ನಂದಿದುರ್ಗಕ್ಕೆ ಲಗ್ಗೆಯಿಟ್ಟಿತ್ತು. ಆ ಜಾಡು ಹಿಡಿದು ಬೆಟ್ಟ ಹತ್ತಬೇಕೆಂದೇ ಹೊರಟಿದ್ದೆ.

ಆ ವರ್ಷ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದಿದ್ದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಬಾಗಿಲಿಂದ ಬರಿಗೈಯಲ್ಲಿ ಮರಳಿದ್ದ. ಮಳೆ ಹಿಡಿದಿತ್ತು, ದನಗಳು ಸತ್ತವು, ದವಸ ತೀರಿತು. ಮತ್ತೆ ಹೊರಡಬೇಕಾದರೆ ಬೆನ್ನ ಹಿಂದಿನ ದಾರಿಗಳು ತೆರೆಯಬೇಕು. ಆ ದಾರಿಗಳನ್ನು ಕಾಯುತ್ತಿದ್ದದ್ದು ಈ ಗುಡ್ಡಗಳ ಕೋಟೆಗಳು.

ನಂದಿ ಗ್ರಾಮದಲ್ಲಿ ಭೋಗನಂದೀಶ್ವರನಿಗೆ ಕೈಮುಗಿದು, ಸುಲ್ತಾನ್‌ಪೇಟೆಯ ಮೆಟ್ಟಿಲು ಹಿಡಿದೆ. ಮೇಲೆ ಎಲ್ಲರೂ ಮೂಡಣದ ಕಡೆ ಮುಖ ಮಾಡಿದ್ದರು. ನಾನು ಪಡುವಣಕ್ಕೆ ನಡೆದೆ. ಉಳಿದ ಕಡೆ ಬಂಡೆ ನೆಟ್ಟಗೆ ಇಳಿಯುತ್ತದೆ. ಗೋಡೆ ಒಡೆಯಲು ಸಾಧ್ಯವಿದ್ದದ್ದು ಈ ಮಗ್ಗುಲಲ್ಲಿ ಮಾತ್ರ. ಇಲ್ಲೂ ತೋಪು ಸುಮ್ಮನೆ ಏರಲಿಲ್ಲ. ಇಳಿಜಾರಿನಲ್ಲಿ ದಾರಿ ಕಡಿದು, ಆನೆಗಳ ಬಲ ಸೇರಿಸಿ ಗೌಡಿಯ ಪಡೆಯವರು ಎಳೆಸಿದರು. ಆ ಇಳಿಜಾರನ್ನು ನೋಡಿದಾಗ ಗುಂಡು ಹಾರಿಸಿದವರಿಗಿಂತ ದಾರಿ ಕಡಿದ ಕೂಲಿಗಳೇ ನನಗೆ ನೆನಪಾದರು.

ಮೂರು ವಾರದ ಮುತ್ತಿಗೆಯ ಕೊನೆಗೆ ಗೋಡೆ ಬಿರಿಯಿತು. ಒಳಗೆ ಟಿಪ್ಪುವಿನ ಕಿಲ್ಲೇದಾರ ಲುತ್ಫ್ ಅಲಿ ಬೇಗ್ ಶರಣಾಗಲಿಲ್ಲ. ಬೆಳದಿಂಗಳಲ್ಲಿ ಬ್ರಿಟಿಷ್ ಜನರಲ್ ಮೆಡೋಸ್‌ನ ಪಡೆ ಮೇಲೇರಿತು. ಕೋಟೆಯವರು ದೊಡ್ಡ ದೊಡ್ಡ ಕಲ್ಲುಗಳನ್ನು ಉರುಳಿಸಿದರು. ದಾಳಿಕಾರರಿಗೆ ಹೆಚ್ಚಿನ ಗಾಯ ಆ ಕಲ್ಲುಗಳಿಂದಲೇ ಆಯಿತು. ಅಕ್ಟೋಬರ್ 19ರ ಹೊತ್ತಿಗೆ ದುರ್ಗ ಬಿತ್ತು.

ಗೆದ್ದವರು ತಮ್ಮ ಅಧಿಕಾರಿಗಳ ಹೆಸರು ಬರೆದಿಟ್ಟುಕೊಂಡರು. ಕಲ್ಲು ಉರುಳಿಸಿದವರ ಹೆಸರು ನಮಗೆ ದಕ್ಕಿಲ್ಲ. ಇದು ನನ್ನನ್ನು ಕಾಡುತ್ತದೆ, ಏಕೆಂದರೆ ಈ ಸೀಮೆ ಸತ್ತವರನ್ನು ಮರೆಯುವ ಸೀಮೆಯಲ್ಲ. ನೊಳಂಬರು, ಗಂಗರು, ಬಾಣರು, ವೈದುಂಬರು ಕಾದಾಡಿದ ಸೊರೆಮಡಿ ಕಾಳಗದಲ್ಲಿ ಮಡಿದವರಿಗೆ ಸಾವಿರ ವರ್ಷದ ಹಿಂದೆಯೇ ವೀರಗಲ್ಲು ನೆಟ್ಟವರು ನಾವು. ದನ ಬಿಡಿಸಲು ಹೋಗಿ ಸತ್ತವನಿಗೂ ನಮ್ಮಲ್ಲಿ ಕಲ್ಲಿದೆ, ಹೆಸರಿದೆ.

ಪಡುವಣ ಗೋಡೆಯ ಬಳಿ ಅಂಥದ್ದೊಂದು ನನ್ನ ಕಣ್ಣಿಗೆ ಬೀಳಲಿಲ್ಲ. ಇಲ್ಲಿ ಏನು ನಡೆಯಿತೆಂದು ಹೇಳುವ ಒಂದು ಕನ್ನಡ ಕಲ್ಲನ್ನು ಸರ್ಕಾರ ನಿಲ್ಲಿಸಲಿ. ನಂದಿಗೆ ಹೋಗುವವರು ಸೂರ್ಯ ಹುಟ್ಟಿದ ಮೇಲೆ ಅರ್ಧ ಗಂಟೆ ಉಳಿಸಿಕೊಂಡು ಪಡುವಣದ ಗೋಡೆಗೂ ಬನ್ನಿ.