ಕುದುರೆ ಮೈದಾನದಲ್ಲಿ ಸೈಕಲ್ ಸವಾರರು

ಅಮೆರಿಕದ ಅಟ್ಲಾಂಟಾ ನಗರದ ಪೂರ್ವಕ್ಕೆ ಕಾನ್ಯರ್ಸ್ ಎಂಬ ಊರಿದೆ. ಅಲ್ಲಿನ ಕುದುರೆ ಸವಾರಿ ಮೈದಾನದ ಸುತ್ತ ಪೈನ್ ಮರಗಳು, ಕೆಮ್ಮಣ್ಣು, ಗ್ರಾನೈಟ್ ಬಂಡೆಗಳು. ಒಲಿಂಪಿಕ್ಸ್‌ನ ಮೊಟ್ಟಮೊದಲ ಮೌಂಟನ್ ಬೈಕ್ ಸ್ಪರ್ಧೆ ನಡೆದದ್ದು ಇಲ್ಲಿಯೇ, 1996ರ ಜುಲೈ 30ರಂದು. ಮೈ ಬೇಯಿಸುವ ಸೆಕೆ.

ಪುರುಷರು ತುಳಿಯಬೇಕಿದ್ದುದು ಸುಮಾರು 48 ಕಿಲೋಮೀಟರ್. ದೂರವೇನೋ ಹೆಚ್ಚಲ್ಲ, ನಿಯಮ ಮಾತ್ರ ಕಠಿಣ. ಟಯರ್ ಪಂಕ್ಚರ್ ಆಗಲಿ, ಚೈನ್ ಕಡಿಯಲಿ, ಸವಾರನೇ ಇಳಿದು ಸರಿಪಡಿಸಿಕೊಳ್ಳಬೇಕು. ಮೆಕ್ಯಾನಿಕ್ ಹತ್ತಿರ ಸುಳಿಯುವಂತಿರಲಿಲ್ಲ. ನಮ್ಮ ಹುಡುಗರಂತೆ ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋಗುವ ಮಾತೆಲ್ಲಿ!

ಮಹಿಳೆಯರಲ್ಲಿ ಇಟಲಿಯ ಪಾವೊಲಾ ಪೆಟ್ಸೊ ಗೆದ್ದರು. ಪುರುಷರಲ್ಲಿ ಚಿನ್ನ ಬಾರ್ಟ್ ಬ್ರೆಂಟ್ಯೆನ್ಸ್ ಅವರದು. ತಮಾಷೆಯೆಂದರೆ, ಅವರ ದೇಶ ಬೆಟ್ಟಗಳೇ ಅಪರೂಪವಾದ ನೆದರ್ಲೆಂಡ್ಸ್. ಎರಡನೆಯ ಸವಾರ ಗುರಿ ಮುಟ್ಟಿದ್ದು ಎರಡೂವರೆ ನಿಮಿಷಗಳ ಬಳಿಕ.